ಈಶ್ವರಿಯ ಪುಸ್ತಕದ ಮೇಲೆ ಸಾಯಾ

ಭಾಲ್ಕಿಯ ಹಳೆ ಊರಿನಲ್ಲಿ ಕೆಂಪು ಕಲ್ಲಿನ ಒಂದು ಮನೆ. ಆ ಮನೆಯ ಹಿಂದಿನ ಕೋಣೆಗೆ ನಾಲ್ಕು ವರ್ಷದಿಂದ ಚಿಲಕ ಹಾಕಿತ್ತು. ಹಾಕಿದವಳು ಮನೆಯ ಹಿರಿಯಳು ಸುಮಿತ್ರಾಬಾಯಿ. ಅಂಥಿಂಥ ಹೆಂಗಸಲ್ಲ ಅವಳು. ಹಾವು ಕಂಡರೆ ಓಡುವ ಬದಲು ಕೋಲು ಹುಡುಕುವವಳು, ಓಣಿಯ ಜಗಳದಲ್ಲಿ ಒಂದು ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ಬಂದವಳಲ್ಲ. ಆದರೆ ಆ ಕೋಣೆಯ ಮುಂದೆ ಹಾಯುವಾಗ ಹಾಡುಹಗಲಲ್ಲೂ ಸೆರಗು ಬಿಗಿಯಾಗಿ ಎಳೆದುಕೊಂಡು ಸರಸರ ದಾಟಿಬಿಡುತ್ತಿದ್ದಳು.

ಅವಳ ಗಂಡ ಶಿವರಾಜಪ್ಪ ಹನ್ನೊಂದು ತಿಂಗಳು ಮಲಗಿ ಕಣ್ಣು ಮುಚ್ಚಿದ್ದು ಅಲ್ಲಿಯೇ. ಆತ ಅಡತಿ ಬಜಾರಿನಲ್ಲಿ ತೊಗರಿ ಚೀಲಗಳ ಮೇಲೆ ಕುಂಚ ಹಿಡಿದು ಹೆಸರು ಬರೆಯುತ್ತಿದ್ದವನು. ಅವನ ಅಕ್ಷರ ಅಚ್ಚು ಹಾಕಿದ ಹಾಗಿರುತ್ತಿತ್ತು. ಒಂದು ಮುಂಜಾನೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತೂ ಹೋಯಿತು. ಲಕ್ವಾ ಆದವರಿಗೆ ಗಾಳಿ ತಾಗಬಾರದು ಎಂದು ಯಾರೋ ಹೇಳಿದರು. ಸುಮಿತ್ರಾಬಾಯಿ ಅವತ್ತೇ ಕೋಣೆಯ ಒಂದೇ ಒಂದು ಕಿಟಕಿಯನ್ನು ಮುಚ್ಚಿ, ಅಗುಳಿ ಜಡಿದು, ಹಾಸಿಗೆ ತುಂಬಿದ ತಗಡಿನ ಸಂದೂಕಗಳನ್ನು ಅದರ ಮುಂದೆ ಒಂದರ ಮೇಲೊಂದು ಪೇರಿಸಿದಳು. ಗಂಡನ ಮೇಲಿನ ಪ್ರೀತಿಯಿಂದಲೇ ಪೇರಿಸಿದಳು, ಅದರಲ್ಲಿ ಸುಳ್ಳಿಲ್ಲ.

ಆಮೇಲೆ ಶಿವರಾಜಪ್ಪ ದಿನಾಲೂ ಎಡಗೈ ಎತ್ತಿ ಆ ಸಂದೂಕಗಳ ಕಡೆಗೇ ತೋರಿಸತೊಡಗಿದ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಏನ್ ಕಾಣ್ತದ್ರಿ ಅಲ್ಲಿ? ಯಾರ್ ನಿಂತಾರ?" ಎಂದು ಅವಳು ಕೇಳುತ್ತಿದ್ದಳು. ಅವನ ಗಂಟಲಿನಿಂದ ಗರಗರ ಶಬ್ದವಷ್ಟೇ ಬರುತ್ತಿತ್ತು. ನಮಗೆ ಕಾಣದ್ದೇನೋ ಇವರಿಗೆ ಕಾಣುತ್ತಿದೆ ಎಂಬ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಅಗುಳಿಗೆ ಒಂದು ತಂತಿಯನ್ನೂ ಬಿಗಿದಳು.

ಒಂದು ದಿನ ಪಲಂಗದ ಪಕ್ಕದ ಗೋಡೆಯ ಮೇಲೆ, ಮಲಗಿದವರ ಕೈಗೆ ನಿಲುಕುವಷ್ಟು ಎತ್ತರದಲ್ಲಿ, ಪೆನ್ಸಿಲಿನ ಗುರುತುಗಳು ಕಂಡವು. ಸುಮಿತ್ರಾಬಾಯಿ ಮೂರನೆಯ ತರಗತಿ ಓದಿದವಳು, ಬಸ್ಸಿನ ಬೋರ್ಡು ಓದಬಲ್ಲಳು. ಬಗ್ಗಿ ನೋಡಿದಳು. ಅದು ಕನ್ನಡವಲ್ಲ, ಮರಾಠಿಯಲ್ಲ, ಉರ್ದುವೂ ಅಲ್ಲ. ಸೊಟ್ಟಸೊಟ್ಟ ಗೆರೆಗಳು ಗೋಡೆಯೊಳಗಿನಿಂದ ಯಾರೋ ಬರೆದ ಹಾಗಿದ್ದವು. ಅಚ್ಚಿನ ಅಕ್ಷರ ಬರೆಯುವ ತನ್ನ ಗಂಡ ಇಂಥದ್ದು ಬರೆಯುವುದುಂಟೇ? ಒಂದು ಕ್ಯಾಲೆಂಡರು ತಂದು ಅದರ ಮೇಲೆ ತೂಗುಹಾಕಿದಳು, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಶಿವರಾಜಪ್ಪ ತೀರಿಕೊಂಡ ಮೇಲೆ ಕೋಣೆಗೆ ಚಿಲಕ ಬಿತ್ತು. ಕ್ಯಾಲೆಂಡರು ಅದೇ ತಿಂಗಳಿನಲ್ಲಿ ನಿಂತಿತು.

ಈಗ ಈಶ್ವರಿಯ ಸುದ್ದಿಗೆ ಬರೋಣ. ಈಶ್ವರಿ ಸುಮಿತ್ರಾಬಾಯಿಯ ಮೊಮ್ಮಗಳು, ಒಂಬತ್ತು ವರ್ಷ. ಹುಟ್ಟಿನಿಂದಲೇ ಅವಳ ಬಲಗೈ, ಬಲಗಾಲು ಬಿಗಿದುಕೊಂಡಿವೆ. ಬಲಗೈಯ ಬೆರಳುಗಳು ಬಿಡಿಸಿದರೂ ಮತ್ತೆ ಮುಷ್ಟಿಯಾಗುತ್ತವೆ. ಮನೆಯಲ್ಲಿ ಕುಳಿತಲ್ಲೇ ಸರಿದು ಸರಿದು ಓಡಾಡುತ್ತಾಳೆ. ತಾಯಿ ಮಹಾನಂದಾ ಎರಡು ವರ್ಷ ಅವಳನ್ನು ಎತ್ತಿಕೊಂಡೇ ಶಾಲೆಗೆ ಹೋಗಿ ಬಂದಳು. ಹುಡುಗಿ ಬೆಳೆದಳು, ತಾಯಿಯ ಸೊಂಟ ಹಿಡಿಯಿತು. ಹಾಗಾಗಿ ಈಗ ಹೆಸರು ಶಾಲೆಯಲ್ಲಿ, ಪಾಠ ಮನೆಯಲ್ಲಿ. ವಾರಕ್ಕೊಮ್ಮೆ ಪೂನಮ ಟೀಚರ್ ಮನೆಗೇ ಬಂದು ಕಲಿಸುತ್ತಾರೆ. ಔರಾದ ತಾಲೂಕಿನ ಡಾಬಕಾದವರು, ಬಾಯಿ ಮೆತ್ತಗೆ, ಹಟ ಮಾತ್ರ ಗಟ್ಟಿ.

ಪಾಠ ನಡೆಯುತ್ತಿದ್ದದ್ದು ಪಡಸಾಲೆಯಲ್ಲಿ. ಒಂದು ಕಡೆ ಟಿ.ವಿ., ಒಂದು ಕಡೆ ಕುಕ್ಕರಿನ ಸೀಟಿ. ಬಂದವರೆಲ್ಲ "ಈ ಪೋರಿ ಏನ್ ಕಲೀತದ ಪಾಪ" ಎಂದು ಚುಚ್ಚಿ ಚಹಾ ಕುಡಿದು ಹೋಗುತ್ತಿದ್ದರು. ಪಾಟಿ ಪಲಂಗದ ಕೆಳಗೆ ಸೇರಿದರೆ ಪೆನ್ಸಿಲು ಅಕ್ಕಿ ಡಬ್ಬಿಯ ಹಿಂದೆ ಸಿಗುತ್ತಿತ್ತು.

"ಆಯಿ, ನಾ ಬಂದಾಗ ಅರ್ಧ ತಾಸು ಸಾಮಾನ ಹುಡುಕೋದೇ ಆಗ್ತದ್ರಿ," ಎಂದು ಪೂನಮ ಒಂದು ದಿನ ಸುಮಿತ್ರಾಬಾಯಿಗೆ ಹೇಳಿದರು. "ಈಶ್ವರಿಗಿ ಆಕಿದೇ ಅಂತ ಒಂದು ಜಾಗ ಬೇಕು. ದೊಡ್ಡದು ಬ್ಯಾಡ. ದಿನಾ ಅದೇ ಜಾಗ, ಅದೇ ಟೈಮು. ಅಲ್ಲಿ ಕುಂತ ಕೂಡ್ಲೆ ಆಕಿ ಮನಸ್ಸಿಗಿ ಸಾಲಿ ಸುರು ಆಯ್ತು ಅಂತ ತಿಳೀಬೇಕು."

"ಎಲ್ಲಿಂದ ತರೋದು ಜಾಗ? ಇದು ಏನ್ ಅರಮನಿ ಅದ ಏನ್?" ಎಂದಳು ಸುಮಿತ್ರಾಬಾಯಿ.

ಮಹಾನಂದಾ ಅತ್ತೆಯ ಮುಖ ನೋಡದೆ ಮೆಲ್ಲಗೆ ಹೇಳಿದಳು, "ಹಿಂದಿನ ಕೋಣಿ ಖಾಲಿ ಅದಲ್ರಿ ಅತ್ತಿ."

ಸುಮಿತ್ರಾಬಾಯಿ ಎದ್ದು ಒಳಗೆ ಹೋದಳು.

ಮೂರು ದಿನ ಮಾತುಕತೆ ನಡೆದು ಕೊನೆಗೆ ಸುಮಿತ್ರಾಬಾಯಿ ಒಪ್ಪಿದಳು. ಆದರೆ ಎರಡು ಶರತ್ತು. ಸಂದೂಕ ಸರಿಸಿ ಕಿಟಕಿ ತೆರೆಯಬಾರದು. ಕ್ಯಾಲೆಂಡರು ಮುಟ್ಟಬಾರದು. ಯಾಕೆಂದು ಕೇಳಿದರೆ "ಹೇಳಿದಷ್ಟು ಮಾಡ್ರಿ" ಎಂದಳು.

ಮಗ ಪ್ರವೀಣಕುಮಾರ ಬೀದರಿನ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾನೆ. ರವಿವಾರ ಇಡೀ ದಿನ ಕೂತು ಕೋಣೆ ಸಜ್ಜು ಮಾಡಿದ. ಗೋಡೆಗೆ ಒರಗಿ ಕೂರಲು ದಪ್ಪ ಗಾದಿ ಹಾಸಿದ. ಎರಡು ಇಟ್ಟಿಗೆ ಜೋಡಿಯ ಮೇಲೆ ಹಲಗೆ ಇಟ್ಟು ಬರೆಯುವ ಮೇಜು ಮಾಡಿದ. ಹಣ್ಣಿನ ಕಟ್ಟಿಗೆ ಪೆಟ್ಟಿಗೆಯನ್ನು ಉಜ್ಜಿ, ಈಶ್ವರಿಯ ಎಡಗೈಗೆ ನಿಲುಕುವಂತೆ ಇಟ್ಟು, ಪುಸ್ತಕ, ಪಾಟಿ, ಎಣಿಸುವ ಹುಣಸೆ ಬೀಜದ ಡಬ್ಬಿ, ಒಂದು ಕೈಗನ್ನಡಿ ಜೋಡಿಸಿದ. ಓದುವವರಿಗೆ ಬೆಳಕು ಎಡಗಡೆಯಿಂದ ಬರಬೇಕು ಎಂದು ಪೂನಮ ಹೇಳಿದ್ದರಿಂದ ಎಡಗೋಡೆಗೆ ಒಂದು ಬಲ್ಬು ಹಾಕಿದ.

"ಸತ್ತವ್ರ ಕೋಣ್ಯಾಗ ಕನ್ನಡಿ ಯಾಕ?" ಎಂದಳು ಸುಮಿತ್ರಾಬಾಯಿ.

"ಟೀಚರ್ ಕೊಟ್ಟಾರ ಅವ್ವ, ಅಕ್ಷರ ನೋಡ್ಲಿಕ್ಕ ಅಂತ," ಎಂದ ಮಗ. ಅಕ್ಷರ ನೋಡಲು ಕನ್ನಡಿಯಂತೆ! ಸುಮಿತ್ರಾಬಾಯಿಗೆ ಅದು ಒಂಚೂರೂ ಹಿಡಿಸಲಿಲ್ಲ.

ಹತ್ತು ದಿನ ಎಲ್ಲ ಸರಿಯಾಗಿಯೇ ನಡೆಯಿತು. ದಿನಾ ಮಧ್ಯಾಹ್ನ ಮೂರಕ್ಕೆ ಟಿ.ವಿ. ಬಂದ್. ಈಶ್ವರಿ ತಾನೇ ಸರಿದುಕೊಂಡು ಹೋಗಿ ಗಾದಿಯ ಮೇಲೆ ಕೂತು "ಸಾಲಿ ಸುರು!" ಎಂದು ಕೂಗುವಳು. ಮೊದಲು ಹುಣಸೆ ಬೀಜ ಎಣಿಸುವುದು, ಆಮೇಲೆ ತಾಯಿ ಹೇಳಿದ ಕಥೆ. ಎರಡನೆಯ ವಾರ ಬರೆಯುವ ಪಾಠ ಬಂತು.

ಒಂದು ದಿನ ನಾಲ್ಕರ ಹೊತ್ತಿಗೆ ಮಹಾನಂದಾ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಸುಮಿತ್ರಾಬಾಯಿ ಪಡಸಾಲೆಯಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಕೋಣೆಯೊಳಗಿನಿಂದ ಈಶ್ವರಿಯ ದನಿ ಕೇಳಿತು. ಹುಡುಗಿ ಯಾರಿಗೋ ಹೇಳುತ್ತಿದ್ದಳು.

"ಸರಿ ಆಕಡಿ. ನನಗ ಕಾಣವಲ್ದು. ಹೋಗಂದ್ರ ಹೋಗು."

ಮೊರ ಕೈಯಿಂದ ಜಾರಿತು. ಬೇಳೆ ಚೆಲ್ಲಿದ್ದನ್ನೂ ನೋಡದೆ ಸುಮಿತ್ರಾಬಾಯಿ ಬಾಗಿಲಿಗೆ ಬಂದಳು. ಒಳಗೆ ಬಲ್ಬಿನ ಬೆಳಕಿನಲ್ಲಿ ಹುಡುಗಿ ಒಬ್ಬಳೇ ಇದ್ದಳು.

"ಯಾರ್ ಜೋಡಿ ಮಾತಾಡ್ಲಿಕತ್ತಿ?"

"ಸಾಯಾ ಜೋಡಿ, ಆಯಿ."

ನಮ್ಮ ಬೀದರ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಯಾರಿಗಾದರೂ 'ಸಾಯಾ ಆಗ್ಯಾದ' ಎಂದರೆ ದೆವ್ವ ಹಿಡಿದಿದೆ ಎಂದೇ ಅರ್ಥ.

"ಎಲ್ಲದ ಅದು?"

"ಈಗ ಇಲ್ಲ. ನಾ ಬರೀಲಿಕ್ಕ ಕೈ ಇಟ್ರ ಬರ್ತದ. ಕರ್ರಗ ಅದ. ನನ್ನ ಅಕ್ಷರದ ಮ್ಯಾಲ ಕೈ ಇಟ್ಟು ಮುಚ್ಚಿಬಿಡ್ತದ."

"ಯಾವ ಕೈ?"

"ಎಡಗೈ."

ಸುಮಿತ್ರಾಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಈ ಕೋಣೆಯಲ್ಲಿ ಹನ್ನೊಂದು ತಿಂಗಳು ಎದ್ದು ಎದ್ದು ಬಿದ್ದದ್ದು ಒಂದೇ ಒಂದು ಎಡಗೈ. ಆಗ ಈ ಹುಡುಗಿ ತೀರ ಸಣ್ಣವಳು, ಅವಳನ್ನು ಒಳಗೆ ಬಿಟ್ಟಿರಲಿಲ್ಲ, ಆಮೇಲೆ ಯಾರೂ ಹೇಳಿಯೂ ಇರಲಿಲ್ಲ.

ಮೊಮ್ಮಗಳು ಬರೆಯುವ ವಹಿಯನ್ನು ಎತ್ತಿಕೊಂಡಳು. ನಿಜ ಹೇಳಬೇಕೆಂದರೆ ಅವಳು ಈಶ್ವರಿಯ ವಹಿ ನೋಡಿದ್ದು ಅದೇ ಮೊದಲು. ಕಲಿಯುವುದಿಲ್ಲ ಎಂದು ತೀರ್ಮಾನ ಮಾಡಿದವರು ವಹಿ ಯಾಕೆ ನೋಡುತ್ತಾರೆ? ಪುಟದ ತುಂಬ ಸೊಟ್ಟಸೊಟ್ಟ ಗುರುತುಗಳು. ಕನ್ನಡವಲ್ಲ, ಮರಾಠಿಯಲ್ಲ, ಉರ್ದುವೂ ಅಲ್ಲ. ಕ್ಯಾಲೆಂಡರಿನ ಹಿಂದೆ ಗೋಡೆಯ ಮೇಲೆ ಇರುವವೂ ಇಂಥವೇ.

ಆಗ ಎದುರು ಗೋಡೆಯಲ್ಲಿ ಕ್ಯಾಲೆಂಡರು ಅಲ್ಲಾಡಿತು. ಕಿಟಕಿ ಮುಚ್ಚಿತ್ತು. ಕೋಣೆಯಲ್ಲಿ ಫ್ಯಾನು ಇರಲಿಲ್ಲ.

ಹುಡುಗಿಯ ರಟ್ಟೆ ಹಿಡಿದು ಎಳೆದುಕೊಂಡೇ ಅವಳು ಹೊರಗೆ ಬಂದಳು.

ಅವತ್ತಿನಿಂದ ಈಶ್ವರಿಯ ಎಡಗೈಗೆ ಹಳೆ ಸೀರೆಯ ಅಂಚು ಸುತ್ತಿ ಸೊಂಟಕ್ಕೆ ಕಟ್ಟಿದರು. ಊಟ ಮಾಡಿಸುವಾಗಲೂ ಬಿಚ್ಚಲಿಲ್ಲ. "ಬರೆಯೋದಿದ್ರ ಬಲಗೈಲೆ ಬರಿ, ಇಲ್ಲಂದ್ರ ಬ್ಯಾಡೇ ಬ್ಯಾಡ," ಎಂದಳು ಅಜ್ಜಿ. ಮಹಾನಂದಾ ಅತ್ತಳು. ಪ್ರವೀಣಕುಮಾರ "ಅವ್ವ, ಇದು ಸರಿ ಅಲ್ಲ" ಎಂದ. "ನಿಮ್ಮ ಅಪ್ಪನೇ ಕೂಸಿನ ಮ್ಯಾಲ ಬಂದಾನ, ನಿನಗ ಏನ್ ತಿಳೀತದ?" ಎಂದು ಸುಮಿತ್ರಾಬಾಯಿ ಗದರಿದಾಗ ಅವನೂ ಹಿಂದೆ ಸರಿದ. ಅಮಾವಾಸ್ಯೆ ಮುಂದಿನ ವಾರದ ಶುಕ್ರವಾರ ಇತ್ತು. ಅವತ್ತು ಸಾಯಾ ಬಿಡಿಸುವವನನ್ನು ಕರೆಸುವುದು, ಹುಡುಗಿಗೆ ಹೊಗೆ ಹಾಕಿಸುವುದು, ಗಾದಿ ಹಲಗೆ ಎಲ್ಲ ಹೊರಗೆ ಎಸೆದು ಕೋಣೆಗೆ ಬೀಗ ಜಡಿಯುವುದು ಎಂದು ಸುಮಿತ್ರಾಬಾಯಿ ನಿಶ್ಚಯ ಮಾಡಿದಳು. ಈಶ್ವರಿಯ ಶಾಲೆಗೆ ಇನ್ನು ಎಂಟೇ ದಿನ ಉಳಿದಿತ್ತು.

ಈಶ್ವರಿ ಮಾತು ಬಿಟ್ಟಳು. ಟಿ.ವಿ. ಮುಂದೆ ಕೂರಿಸಿದರೆ ಟಿ.ವಿ. ನೋಡುವುದಿಲ್ಲ, ಕರೆದರೆ ತಿರುಗುವುದಿಲ್ಲ. ಬಾಯಿ ಮುಚ್ಚಿಯೇ ಇರುತ್ತಿತ್ತು, ಆದರೆ ಕೆನ್ನೆಯ ಒಳಗೆ ಏನೋ ಮೆಲ್ಲಗೆ ಸುಳಿದಾಡುತ್ತಿತ್ತು. ಅದನ್ನು ನೋಡಿ ಸುಮಿತ್ರಾಬಾಯಿಗೆ ಅನ್ನ ಇಳಿಯದಾಯಿತು. ಹುಡುಗಿಯ ಬಾಯೊಳಗೆ ಬೇರೆ ಯಾರೋ ಮಾತಾಡುತ್ತಿದ್ದಾರೆ ಎಂದೇ ಅವಳಿಗೆ ಅನ್ನಿಸಿತು.

ಮಂಗಳವಾರ ಪೂನಮ ಬಂದರು. ಬೀದರಿನಲ್ಲಿ ಮೀಟಿಂಗ್ ಮುಗಿಸಿ ಬರುವಷ್ಟರಲ್ಲಿ ನಾಲ್ಕೂವರೆ ಆಗಿತ್ತು. ಕಟ್ಟಿದ ಕೈ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಇದೇನ್ರಿ ಇದು?"

"ಮುಟ್ಟಬ್ಯಾಡ್ರಿ ಟೀಚರ್!" ಸುಮಿತ್ರಾಬಾಯಿ ಅಡ್ಡ ಬಂದಳು. "ನಿಮ್ಮ ಜಾಗ, ನಿಮ್ಮ ಸಾಲಿ, ಎಲ್ಲ ಸಾಕು. ಕೂಸಿಗಿ ಸಾಯಾ ಆಗ್ಯಾದ."

ಪೂನಮರ ಮುಖದಲ್ಲಿ ಸಿಟ್ಟು ಬಂದು ಹೋಯಿತು. ಅವರು ಜೋರು ಮಾಡಲಿಲ್ಲ. ಈಶ್ವರಿಯ ಮುಂದೆ ಕೂತರು.

"ಆಯ್ತು ಆಯಿ. ನೀವೇ ಬಿಚ್ಚೋತನ ನಾ ಬಿಚ್ಚಂಗಿಲ್ಲ. ಈಶ್ವರಿ, ಬಾಯಾಗ ಏನವ್ವ ಅದು?"

ಹುಡುಗಿ ಮೆಲ್ಲಗೆ ಹೇಳಿದಳು. "ನಾಲಿಗೀಲೆ ಬರೀಲಿಕತ್ತೇನಿ. ಹಲ್ಲಿನ ಮ್ಯಾಲ. ಕೈ ಕಟ್ಟ್ಯಾರಲ್ಲ, ಅದಕ್ಕ."

ಮಹಾನಂದಾ ಬಾಯಿಗೆ ಸೆರಗು ಒತ್ತಿಕೊಂಡಳು. ಸುಮಿತ್ರಾಬಾಯಿಯ ಹೆದರಿಕೆ ಮಾತ್ರ ಇನ್ನೂ ದೊಡ್ಡದಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಕುಬರಾ ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡೇ ಒಳಗೆ ಬಂದಳು. ಉರ್ದು ಶಾಲೆಯಲ್ಲಿ ಐದನೆಯ ತರಗತಿ, ಈಶ್ವರಿಗೆ ಜೀವದ ಗೆಳತಿ. ದೊಡ್ಡವರ ಮಾತನ್ನು ಬಾಯಿ ತೆರೆದು ಕೇಳಿ, ಈಶ್ವರಿಯ ಅಜ್ಜಿಗೆ ಹೇಳಿದಳು.

"ದಾದಿ, ಸಾಯಾ ಅಂದ್ರ ದೆವ್ವ ಅಲ್ರಿ! ಸಾಯಾ ಅಂದ್ರ ನೆಳ್ಳು. ಗಿಡದ ನೆಳ್ಳಿಗಿ ನಮ್ಮಲ್ಲಿ ಝಾಡ ಕಾ ಸಾಯಾ ಅಂತಾರ. ನಾನೇ ಕಲಿಸೇನಿ ಆಕಿಗಿ."

"ನೆಳ್ಳು?" ಎಂದರು ಪೂನಮ. ತಟ್ಟನೆ ಎದ್ದು ಹಿಂದಿನ ಕೋಣೆಗೆ ನಡೆದರು. "ಆಯಿ, ಬರ್ರಿ. ಒಂದೇ ಒಂದ್ಸಲ ಆಕಿ ಜಾಗದಾಗ ನೀವು ಕುಂಡ್ರಿ. ನಾ ನಿಮ್ಮ ಬಾಜೂಕೇ ಇರ್ತೇನಿ."

ಸುಮಿತ್ರಾಬಾಯಿ ಕೋಣೆಯ ಹೊಸ್ತಿಲಲ್ಲಿ ನಿಂತು ನೋಡಿದಳು. ಬಲ್ಬು ಉರಿಯುತ್ತಿತ್ತು, ಕ್ಯಾಲೆಂಡರು ಸುಮ್ಮನಿತ್ತು. ಸೊಸೆ, ಕುಬರಾ, ಸರಿದುಕೊಂಡು ಬಂದ ಈಶ್ವರಿ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಓಣಿಯ ಹುಲಿ ಹಿಂದೆ ಸರಿದರೆ ಮರ್ಯಾದೆ ಎಲ್ಲಿ ಉಳಿಯಿತು? ಶಿವ ಶಿವಾ ಎಂದು ಗಾದಿಯ ಮೇಲೆ ಕೂತಳು.

"ಪೆನ್ಸಿಲ್ ಎಡಗೈಯಾಗ ಹಿಡೀರಿ. ಈಗ ಬರೀರಿ."

ಅವಳು ವಹಿಯ ಮೇಲೆ ಕೈ ಇಟ್ಟಳು. ಕರ್ರಗಿನ ಒಂದು ಕೈ ಪುಟದ ಮೇಲೆ ಬಂದು ಗೆರೆಯನ್ನು ಮುಚ್ಚಿತು. ಕಿರುಚಿ ಕೈ ತೆಗೆದಳು, ಅದೂ ಹೋಯಿತು. ಮತ್ತೆ ಇಟ್ಟಳು, ಮತ್ತೆ ಬಂತು. ಈ ಸಲ ಕಣ್ಣು ಗಟ್ಟಿ ಮಾಡಿ ನೋಡಿದಳು. ಆ ಕರಿ ಕೈಯ ಮಣಿಕಟ್ಟಿನಲ್ಲಿ ಬಳೆಗಳಿದ್ದವು, ಅವಳವೇ.

"ತಪ್ಪು ನನ್ನದ್ರಿ ಆಯಿ," ಎಂದರು ಪೂನಮ. "ಎಲ್ಲಾರಿಗೂ ಹೇಳೋ ಹಂಗ ಬೆಳಕು ಎಡಗಡಿಯಿಂದ ಅಂತ ಹೇಳಿಬಿಟ್ಟೆ. ಅದು ಬಲಗೈಲೆ ಬರಿಯೋರಿಗಿ. ಎಡಗೈಲೆ ಬರಿಯೋ ಕೂಸಿಗಿ ಬಲಗಡಿಯಿಂದ ಬೆಳಕು ಬೀಳಬೇಕು. ಇಲ್ಲಂದ್ರ ತನ್ನ ಕೈ ನೆಳ್ಳೇ ತನ್ನ ಅಕ್ಷರ ಮುಚ್ತದ. ಪಾಪ, ಆಕಿ ಖರೇನೇ ಹೇಳ್ಯಾಳ."

ಸುಮಿತ್ರಾಬಾಯಿ ಸೋಲು ಒಪ್ಪಿಕೊಳ್ಳುವ ಪೈಕಿ ಅಲ್ಲ. "ನೆಳ್ಳೇ ಇರ್ಲಿ. ಆದ್ರ ಎಡಗೈಲೆ ಅಕ್ಷರ ಬರೀಬಾರದು. ಅದು ಹೊಲಸು ಕೈ. ವಿದ್ಯಾ ಹತ್ತಂಗಿಲ್ಲ."

ಪೂನಮ ಏನೋ ಹೇಳಲು ಹೊರಟಿದ್ದರು. ಅವರಿಗಿಂತ ಮೊದಲು ಈಶ್ವರಿ ಬಾಯಿ ತೆರೆದಳು.

"ಆಯಿ, ನೀ ಮುಂಜಾನಿ ಪೂಜಾ ಮಾಡೋ ಮುಂದ ಲಿಂಗ ಯಾವ ಕೈಯಾಗ ಇಟ್ಕೋತಿ?"

ಹುಡುಗಿ ಬೇಕೆಂದು ಚುಚ್ಚಿದ್ದಲ್ಲ. ದಿನಾ ಅಜ್ಜಿಯ ಪಕ್ಕ ಕೂತು ನೋಡಿದ್ದನ್ನು ಕೇಳಿದಳು, ಅಷ್ಟೇ. ಸುಮಿತ್ರಾಬಾಯಿ ತನ್ನ ಎಡ ಅಂಗೈಯನ್ನು ಬಿಡಿಸಿ ನೋಡಿಕೊಂಡಳು. ಐವತ್ತು ವರ್ಷದಿಂದ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಇರಿಸಿಕೊಂಡು ಕಣ್ಣು ನೆಟ್ಟದ್ದು ಈ ಅಂಗೈಯ ಮೇಲೆಯೇ. ದೇವರು ಕೂರುವ ಕೈಗೆ ಹೊಲಸು ಎಂದು, ಕೂಸಿನ ಸೊಂಟಕ್ಕೆ ಕಟ್ಟಿ ಐದು ದಿನ ಇಟ್ಟಿದ್ದಳು. ಅವಳಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ಗಂಟು ಬಿಚ್ಚಲು ನೋಡಿದಳು. ಗಂಟು ಬಿಡಲಿಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಹುಡುಗಿಯ ಮಣಿಕಟ್ಟಿನಲ್ಲಿ ಸೀರೆಯಂಚಿನ ಗುರುತು ಕೆಂಪಗೆ ಮೂಡಿತ್ತು.

"ಬಲಗಡಿ ಗ್ವಾಡಿಗಿ ಖಿಡಕಿ ಅದಲ್ರಿ," ಎಂದರು ಪೂನಮ. "ಸಂದೂಕ ಸರಿಸಿ ಅದನ್ನ ತೆಗದ್ರ ಬಲ್ಬೂ ಬೇಕಾಗಂಗಿಲ್ಲ. ಗಾಳೀನೂ ಬರ್ತದ."

"ಖಿಡಕಿ ಬ್ಯಾಡ." ಸುಮಿತ್ರಾಬಾಯಿ ತಟ್ಟನೆ ತಡೆದಳು. "ಅಲ್ಲಿ ಏನೋ ಅದ. ಅವರು ಸಾಯೋತನ ಅಲ್ಲೇ ಕೈ ಮಾಡಿ ತೋರಿಸ್ತಿದ್ರು. ಅಷ್ಟೇ ಅಲ್ಲ..." ಎಂದು ಎದುರು ಗೋಡೆಯ ಕಡೆ ನೋಡಿ ಮಾತು ನುಂಗಿದಳು.

ಈಶ್ವರಿಯ ಎಡಗೈಗೆ ಐದು ದಿನದ ಮೇಲೆ ಬಿಡುಗಡೆ ಸಿಕ್ಕಿತ್ತು. ಅದು ಸುಮ್ಮನಿದ್ದೀತೇ? ಅಜ್ಜಿ ಎಲ್ಲಿ ನೋಡಿದಳೋ ಅಲ್ಲಿಗೆ ಸರಿದು ಹೋಗಿ ಕ್ಯಾಲೆಂಡರನ್ನು ಹಿಡಿದು ಎಳೆದಳು. ಮೊಳೆ ಸಮೇತ ಕೆಳಗೆ ಬಂತು. ನಾಲ್ಕು ವರ್ಷದ ಹಿಂದಿನ ಗುರುತುಗಳು ಇದ್ದ ಹಾಗೇ ಇದ್ದವು.

ಅಜ್ಜನ ಕೋಣೆಯ ಗೋಡೆ ನೋಡಿ ಹುಡುಗಿ ನಕ್ಕಳು.

"ಅಯ್ಯ! ಮುತ್ಯಾ ನನ್ನಂಗೇ ಬರ್ದಾನ! ಹಿಂದ್ ಮುಂದ!"

ಪೂನಮ ಬಗ್ಗಿ ನೋಡಿದರು. "ಆಯಿ, ಎಡಗೈಲೆ ಹೊಸದಾಗಿ ಬರಿಯೋರಿಗಿ ಹೀಂಗ ಆಗ್ತದ್ರಿ. ಅಕ್ಷರ ತಿರುಗಿಬಿಡ್ತಾವ. ಸಣ್ಣ ಹುಡುಗರಿಗಿ ಆಗ್ತದ, ಲಕ್ವಾ ಹೊಡದು ಎಡಗೈಲೆ ಬರಿಯೋರಿಗೂ ಒಮ್ಮೊಮ್ಮೆ ಆಗ್ತದ. ಇದಕ್ಕೇ ನಾ ಈಶ್ವರಿಗಿ ಕನ್ನಡಿ ಕೊಟ್ಟಿದ್ದು." ಪೆಟ್ಟಿಗೆಯಿಂದ ಕೈಗನ್ನಡಿ ತೆಗೆದು ಸುಮಿತ್ರಾಬಾಯಿಯ ಕೈಗೆ ಇಟ್ಟರು. "ಇದರಾಗ ನೋಡ್ರಿ. ನೀವೇ ಓದ್ರಿ."

ಸುಮಿತ್ರಾಬಾಯಿ ಗೋಡೆಯ ಪಕ್ಕ ಕನ್ನಡಿ ಹಿಡಿದಳು. ಸೊಟ್ಟ ಗೆರೆಗಳು ಕನ್ನಡಿಯೊಳಗೆ ತಿರುಗಿ ನಿಂತವು. ಒಂದೊಂದೇ ಅಕ್ಷರ ಕೂಡಿಸಿ, ಬಸ್ಸಿನ ಬೋರ್ಡು ಓದುವಂತೆ ಓದಿದಳು.

"ಸು... ಮಿ... ತ್ರಾ."

ನಿಂತಳು. ನಲವತ್ತು ವರ್ಷದ ಸಂಸಾರದಲ್ಲಿ ಶಿವರಾಜಪ್ಪ ಒಂದು ದಿನವೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ. "ಏ ಪ್ರವೀಣನ ಅವ್ವ" ಎನ್ನುತ್ತಿದ್ದ. ಹೆಸರು ಅವನಿಗೆ ಗೊತ್ತಿದೆಯೋ ಇಲ್ಲವೋ ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

"ಖಿ... ಡ... ಕಿ. ತೆ... ಗಿ."

ಸುಮಿತ್ರಾ, ಖಿಡಕಿ ತೆಗಿ.

ಕತ್ತಲಲ್ಲಿ ಮಲಗಿದವನು ಕೇಳಿದ್ದು ಅಷ್ಟೇ. ಎಡಗೈ ಎತ್ತಿ ದಿನಾ ತೋರಿಸಿದ್ದು ದೆವ್ವವನ್ನಲ್ಲ. ಅವಳು ತಂತಿಯಿಂದ ಬಿಗಿದ ಕಿಟಕಿಯನ್ನು. ಸುಮಿತ್ರಾಬಾಯಿ ಗೋಡೆಗೆ ಹಣೆ ಹಚ್ಚಿ ಅತ್ತಳು. ತೀರಿಕೊಂಡ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಆಮೇಲೆ ಎದ್ದಳು. ಸೊಸೆ ಮುಂದೆ ಬಂದರೂ ಬಿಡದೆ ಮೇಲಿನ ಸಂದೂಕವನ್ನು ತಾನೇ ಇಳಿಸಿದಳು. ಕೆಳಗಿನದನ್ನು ಮಹಾನಂದಾ, ಪೂನಮ ಕೂಡಿ ಎಳೆದರು. ತಂತಿ ಬಿಚ್ಚಿತು. ತುಕ್ಕು ಹಿಡಿದ ಅಗುಳಿ ಮೂರು ಸಲ ಬಡಿದ ಮೇಲೆ ಜರುಗಿತು. ಕಿಟಕಿ ತೆರೆದ ಕೂಡಲೇ ಸಂಜೆಯ ಬಿಸಿಲು ಗಾದಿಯವರೆಗೆ ಬಂದು ಬಿತ್ತು. ಹೊರಗೆ ಕುಬರಾಳ ಮನೆಯ ಬೇವಿನ ಗಿಡ, ಅದರ ಕೆಳಗೆ ಕಟ್ಟಿದ ಆಡು, ಅದರಾಚೆ ರಸ್ತೆ. ನೋಡಲು ಇಷ್ಟೆಲ್ಲ ಇತ್ತು.

ಈಶ್ವರಿ ವಹಿಯ ಮೇಲೆ ಎಡಗೈ ಇಟ್ಟು ನೋಡಿದಳು. ಎತ್ತಿದಳು, ಮತ್ತೆ ಇಟ್ಟಳು.

"ಆಯಿ, ಸಾಯಾ ಆಕಡಿ ಹೋಯ್ತು. ಈಗ ಅಕ್ಷರ ಕಾಣ್ತಾವ."

ಶುಕ್ರವಾರ ಬರಬೇಕಾದವನಿಗೆ ಪ್ರವೀಣಕುಮಾರ ಫೋನ್ ಮಾಡಿ ಬರುವುದು ಬೇಡವೆಂದ. ಆ ಗೋಡೆಗೆ ಮಾತ್ರ ಸುಣ್ಣ ಬಳಿಯಲು ಸುಮಿತ್ರಾಬಾಯಿ ಬಿಡಲಿಲ್ಲ. ಹುಡುಗಿ ಕೂತರೆ ಕಣ್ಣಿಗೆ ಸಮ ಬರುವ ಹಾಗೆ ಒಂದು ಕರಿಹಲಗೆಯನ್ನು ಅದರ ಪಕ್ಕಕ್ಕೆ ಹಾಕಿದರು. ಈಗ ಮೂರು ಗಂಟೆಗೆ ಟಿ.ವಿ. ಬಂದ್ ಮಾಡುವವಳು ಸುಮಿತ್ರಾಬಾಯಿಯೇ. ಪಾಠದ ಹೊತ್ತಿಗೆ ಯಾರಾದರೂ ಬಂದು "ಈ ಪೋರಿ ಏನ್ ಕಲೀತದ" ಎಂದರೆ ಚಹಾ ಸಿಗುವುದಿಲ್ಲ.

ಅವತ್ತು ಗಾಳಿ ಇಲ್ಲದೆ ಕ್ಯಾಲೆಂಡರು ಯಾಕೆ ಅಲ್ಲಾಡಿತು? ಕೆಲವರು ಇಲಿ ಎನ್ನುತ್ತಾರೆ. ಸುಮಿತ್ರಾಬಾಯಿ ಏನೂ ಹೇಳುವುದಿಲ್ಲ.

ಒಂದು ತಿಂಗಳ ಮೇಲೆ ಅವಳು ಕಸ ಗುಡಿಸುವಾಗ ಗೋಡೆಯ ಮೇಲೆ, ಗಂಡನ ಅಕ್ಷರಗಳ ಕೆಳಗೆ, ಹೊಸ ಪೆನ್ಸಿಲಿನ ಗುರುತು ಕಂಡಳು. ಈ ಸಲ ಕನ್ನಡಿ ಬೇಕಾಗಲಿಲ್ಲ. 'ತ' ಒಂದು ತಿರುಗಿತ್ತು, ಉಳಿದದ್ದೆಲ್ಲ ನೆಟ್ಟಗಿತ್ತು.

"ತೆಗದೇವಿ ಮುತ್ಯಾ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮನೆಯಲ್ಲಿಯೇ ಕಲಿಯುವ ಕೂಸು ಇರಬಹುದು. ಮನೆಪಾಠದ ಅನುಕೂಲಕ್ಕಾಗಿ ಹತ್ತಿರದ ಸರಕಾರಿ ಶಾಲೆಯಲ್ಲಿ ಕೇಳಿ. ಮನೆಯಲ್ಲಿ ಕೂಸಿಗೆ ಒಂದು ಮೂಲೆ ಕೊಡಿ, ಒಂದು ಗಾದಿಯಷ್ಟು ಜಾಗ ಸಾಕು. ಸಾಮಾನು ಅದರ ಕೈಗೆ ನಿಲುಕಲಿ, ಹಲಗೆ ಅದರ ಕಣ್ಣಿಗೆ ಸಮ ಇರಲಿ, ದಿನಾ ಒಂದೇ ಹೊತ್ತಿರಲಿ, ಆ ಹೊತ್ತಿನಲ್ಲಿ ಟಿ.ವಿ. ಬಾಯಿ ಮುಚ್ಚಲಿ. ಕೂಸು ಯಾವ ಕೈಯಿಂದ ಬರೆಯುತ್ತದೋ ಆ ಕೈಯನ್ನು ಕಟ್ಟಬೇಡಿ. ಅಕ್ಷರ ತಿರುಗಿದರೆ ಬಯ್ಯಬೇಡಿ, ಟೀಚರಿಗೆ ತೋರಿಸಿ. ಎಲ್ಲಕ್ಕೂ ಮೊದಲು, ಆ ಜಾಗದಲ್ಲಿ ಕೂಸಿಗಿಂತ ಮುಂಚೆ ನೀವು ಕೂತು ನೋಡಿ. ಅದು ಬರೆಯುವ ಕೈಯಲ್ಲೇ ಪೆನ್ಸಿಲು ಹಿಡಿದು, ನೆರಳು ಎಲ್ಲಿ ಬೀಳುತ್ತದೆಂದು ನೋಡಿ. ಅಕ್ಷರದ ಮೇಲೆ ಬಿದ್ದರೆ, ಯಾರಾದರೂ ಗೋಡೆಯ ಮೇಲೆ ಬರೆದು ಕೇಳುವವರೆಗೆ ಕಾಯಬೇಡಿ. ಎದ್ದು ಹೋಗಿ ಕಿಟಕಿ ತೆಗೆಯಿರಿ.